ಫೋಟೋ ಅಳಿಸುವ ಮುನ್ನ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆಗಳೇ ಮಣ್ಣುಪಾಲಾದವು; ಗೋಡೆಯ ಮೇಲಿದ್ದ ಚಿತ್ರಗಳ ಮಾತೇನು! ಈಗಂತೂ ಮದುವೆಯ ಫೋಟೋದಿಂದ ಹಿಡಿದು ಕೊಳೆರೋಗಕ್ಕೆ ಉದುರಿದ ಅಡಿಕೆಯ ಫೋಟೋದವರೆಗೆ ಎಲ್ಲವೂ ಫೋನಿನಲ್ಲೇ. ಆ ಫೋನು ತೋಡಿಗೆ ಬಿದ್ದರೆ ಗತಿಯೇನು? ಇದಕ್ಕೆಂದೇ ಕ್ಲೌಡ್ ವ್ಯವಸ್ಥೆ ಇದೆ.

ಕ್ಲೌಡ್ ಎಂದರೆ ಮೋಡವಲ್ಲ, ದೂರದಲ್ಲಿರುವ ಕಂಪ್ಯೂಟರುಗಳ ಉಗ್ರಾಣ. ಆಂಡ್ರಾಯ್ಡ್ ಫೋನಿನವರಿಗೆ ಸಾಮಾನ್ಯವಾಗಿ ಗೂಗಲ್ ಫೋಟೋಸ್, ಆಪಲ್ ಫೋನಿನವರಿಗೆ ಐಕ್ಲೌಡ್. ಉಚಿತವಾಗಿ ಸಿಗುವ ಜಾಗ ಗೂಗಲ್‌ನಲ್ಲಿ 15 ಜಿಬಿ, ಆಪಲ್‌ನಲ್ಲಿ 5 ಜಿಬಿ. ಗೂಗಲ್‌ನ ಜಾಗದಲ್ಲಿ ಜಿಮೇಲ್‌ಗೂ ಡ್ರೈವ್‌ಗೂ ಪಾಲುಂಟು. ಅದು ತುಂಬಿದ ಮೇಲೆ ಹೊಸ ಚಿತ್ರಗಳು ಉಗ್ರಾಣ ಸೇರವು. ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳ ಫೋಲ್ಡರನ್ನು ಬೇರೆಯಾಗಿಯೇ ಆರಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡುವುದು ಲೇಸು.

ನಮ್ಮಲ್ಲಿ ಬಹುಮಂದಿ ಎಡವುವುದು ಅಳಿಸುವಾಗ. ಅಡಿಕೆಯನ್ನು ಗೋದಾಮಿಗೆ ಹಾಕಿದ ಮೇಲೆ ಮನೆಯ ಅಟ್ಟ ಗುಡಿಸಿದರೆ ಗೋದಾಮಿನ ದಾಸ್ತಾನಿಗೆ ಏನೂ ಆಗದು. ಇಲ್ಲಿ ಹಾಗಲ್ಲ. ಗೂಗಲ್ ಫೋಟೋಸ್ ಒಳಗೆ, ಬ್ಯಾಕಪ್ ಆದ ಚಿತ್ರವನ್ನು ಅಳಿಸಿದರೆ ಫೋನಿನದೂ ಉಗ್ರಾಣದ್ದೂ ಎರಡೂ ಹೋಗುತ್ತವೆ. ಅಳಿಸಿದ್ದು 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಸಿಗದು. ಐಕ್ಲೌಡ್ ಫೋಟೋಸ್‌ನಲ್ಲಿಯೂ ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ. ಅಲ್ಲಿ ಗಡುವು 30 ದಿನ. ಫೋನಿನ ಜಾಗ ಮಾತ್ರ ತೆರವಾಗಬೇಕೆಂದರೆ ಗೂಗಲ್ ಫೋಟೋಸ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಎಂಬುದನ್ನು ಒತ್ತಬೇಕು. ಬ್ಯಾಕಪ್ ಆಗಿರುವ ಚಿತ್ರಗಳ ಫೋನಿನ ಪ್ರತಿಯನ್ನಷ್ಟೇ ಅದು ತೆಗೆಯುತ್ತದೆ.

ಆದ್ದರಿಂದ ಕ್ಲೌಡ್ ಒಂದನ್ನೇ ನಂಬುವುದು ನಮಗೆ ಸರಿಯೆನಿಸದು. ಕೊಯ್ಲು ಮುಗಿದು ಕೈ ಬಿಡುವಾದಾಗ, ವರ್ಷಕ್ಕೊಮ್ಮೆ, ಮುಖ್ಯ ಚಿತ್ರಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಪೇಟೆಯಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಿಸಬಹುದು. ನಮ್ಮ ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿ ಬೇಕೇ ಬೇಕು. ಪೆನ್ ಡ್ರೈವ್ ಒಯ್ಯಲು ಅನುಕೂಲ, ಬಹುಕಾಲ ಕಾಪಿಡಲು ಅಲ್ಲ.

ಇನ್ನೊಂದು ಮಾತು. ಖಾತೆ ಹೆಚ್ಚಾಗಿ ಮನೆಯ ಒಬ್ಬರ ಹೆಸರಿನಲ್ಲಿರುತ್ತದೆ. ಗುಪ್ತಪದ ಅವರಿಗೊಬ್ಬರಿಗೇ ಗೊತ್ತು. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಚಿತ್ರಗಳ ಸಮೇತ ಅಳಿಸಬಹುದು. ಗುಪ್ತಪದವನ್ನು ಬರೆದು ಪಹಣಿ, ಕ್ರಯಪತ್ರಗಳಿರುವ ಪೆಟ್ಟಿಗೆಯಲ್ಲೇ ಇಡಿ. ಸಿಮ್ ಬದಲಾಯಿಸಿದ್ದರೆ ಖಾತೆಯಲ್ಲಿರುವ ಹಳೆಯ ಫೋನ್ ಸಂಖ್ಯೆಯನ್ನೂ ಇಂದೇ ಬದಲಾಯಿಸಿಕೊಳ್ಳಿ.