ಎರಡು ವಿಲ್ಯಾನ್‌ಗಳ ನಡುವೆ ದಾರಿ ಮಾಡುವುದು

ಒಂದು ಕಾಲೇಜಿನ ಲ್ಯಾಬ್ ಮತ್ತು ಆಫೀಸಿನ ಕಂಪ್ಯೂಟರ್‌ಗಳೆಲ್ಲ ಒಂದೇ ಸ್ವಿಚ್‌ಗೆ ಸೇರಿವೆ ಎಂದಿಟ್ಟುಕೊಳ್ಳೋಣ. ಲ್ಯಾಬ್ ವಿಲ್ಯಾನ್ 10ರಲ್ಲಿದೆ, ಆಫೀಸು ವಿಲ್ಯಾನ್ 20ರಲ್ಲಿದೆ; ವಿಲ್ಯಾನ್ ಎಂದರೆ ಸ್ವಿಚ್‌ನೊಳಗೆ ವಿಂಗಡಿಸಿದ ಪ್ರತ್ಯೇಕ ನೆಟ್‌ವರ್ಕ್. ಕೇಬಲ್‌ಗಳು ಅಕ್ಕಪಕ್ಕದ ಪೋರ್ಟ್‌ಗಳಲ್ಲೇ ಇದ್ದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಿಂಗ್ ಹೋಗುವುದಿಲ್ಲ. ಇದು ದೋಷವಲ್ಲ, ವಿಲ್ಯಾನ್ ಮಾಡುವುದೇ ಹೀಗೆ ಬೇರೆಯಾಗಿಡಲು. ಗಡಿ ದಾಟಿಸಬೇಕಾದರೆ ರೂಟಿಂಗ್ ಬೇಕು. ಹೊರಗಿನ ರೂಟರ್‌ಗೆ ಒಂದು ಟ್ರಂಕ್ ಕೇಬಲ್ ಎಳೆದೂ ಈ ಕೆಲಸ ಮಾಡಬಹುದು. ಆದರೆ ಆಗ ಎಲ್ಲ ಸಂಚಾರವೂ ಆ ಒಂದೇ ಕೇಬಲ್‌ನಲ್ಲಿ ಹೋಗಿ ಬರಬೇಕು. ರೂಟಿಂಗ್ ಕೂಡ ಮಾಡಬಲ್ಲ ಮಲ್ಟಿಲೇಯರ್ ಸ್ವಿಚ್ ಈ ಕೆಲಸವನ್ನು ತನ್ನೊಳಗಿನ ಚಿಪ್‌ನಲ್ಲೇ, ಬಹಳ ವೇಗವಾಗಿ ಮುಗಿಸುತ್ತದೆ.

ಕಮಾಂಡ್ ಬಾಯಿಪಾಠ ಮಾಡುವ ಮೊದಲು ಒಂದು ಪ್ಯಾಕೆಟ್‌ನ ಜೊತೆ ನಡೆದು ನೋಡಿ. ಲ್ಯಾಬ್‌ನ 192.168.10.25 ಆಫೀಸಿನ 192.168.20.40ಕ್ಕೆ ಏನೋ ಕಳಿಸಬೇಕು. ಸಬ್‌ನೆಟ್ ಮಾಸ್ಕ್ ನೋಡಿದಾಗ ಆ ವಿಳಾಸ ತನ್ನ ನೆಟ್‌ವರ್ಕ್‌ನದಲ್ಲ ಎಂದು ಕಂಪ್ಯೂಟರ್‌ಗೆ ತಿಳಿಯುತ್ತದೆ. ಹಾಗಾಗಿ ಪ್ಯಾಕೆಟನ್ನು ಗೇಟ್‌ವೇಗೆ ಒಪ್ಪಿಸುತ್ತದೆ. ಆ ಗೇಟ್‌ವೇ ಸ್ವಿಚ್ಚೇ ಆಗಿರಬೇಕು. ಅಂದರೆ ಪ್ರತಿ ವಿಲ್ಯಾನ್‌ನಲ್ಲೂ ಸ್ವಿಚ್‌ಗೆ ಒಂದು ಐಪಿ ವಿಳಾಸ ಇರಬೇಕು. ಆ ವಿಳಾಸ ಕೂರುವ ಜಾಗವೇ ಎಸ್‌ವಿಐ, ಎಂದರೆ ಸ್ವಿಚ್ ವರ್ಚುವಲ್ ಇಂಟರ್‌ಫೇಸ್.

ಇಷ್ಟು ಅರ್ಥವಾದರೆ ಸಿಸ್ಕೋ ಕ್ಯಾಟಲಿಸ್ಟ್ ಮಲ್ಟಿಲೇಯರ್ ಸ್ವಿಚ್‌ನಲ್ಲಿ ಮಾಡಬೇಕಾದ ಕೆಲಸಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

1. ಕಾನ್ಫಿಗರೇಷನ್ ಮೋಡ್‌ನಲ್ಲಿ ‘ವಿಲ್ಯಾನ್ 10’, ‘ವಿಲ್ಯಾನ್ 20’ ಸೃಷ್ಟಿಸಿ. ಪ್ರತಿ ಪೋರ್ಟ್‌ಗೂ ‘ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್’ ಕೊಟ್ಟು, ‘ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 10’ ಅಥವಾ 20 ಎಂದು ಸೇರಿಸಿ.

2. ‘ಇಂಟರ್‌ಫೇಸ್ ವಿಲ್ಯಾನ್ 10’ ಒಳಗೆ ಹೋಗಿ ‘ಐಪಿ ಅಡ್ರೆಸ್ 192.168.10.1 255.255.255.0’ ಕೊಡಿ, ಆಮೇಲೆ ‘ನೋ ಶಟ್‌ಡೌನ್’. ವಿಲ್ಯಾನ್ 20ಕ್ಕೂ 192.168.20.1 ಹೀಗೆಯೇ.

3. ಹೊರಬಂದು ಒಮ್ಮೆ ‘ಐಪಿ ರೂಟಿಂಗ್’ ಕೊಡಿ. ಅನೇಕ ಮಾದರಿಗಳಲ್ಲಿ ಇದು ಮೊದಲಿಗೆ ಆಫ್ ಆಗಿರುತ್ತದೆ; ವಿಳಾಸಗಳೆಲ್ಲ ಸರಿಯಿದ್ದರೂ ಇದಿಲ್ಲದೆ ಸ್ವಿಚ್ ಪ್ಯಾಕೆಟ್ ದಾಟಿಸುವುದಿಲ್ಲ.

4. ಲ್ಯಾಬ್‌ನ ಕಂಪ್ಯೂಟರ್‌ಗಳಿಗೆ 192.168.10.1, ಆಫೀಸಿನವಕ್ಕೆ 192.168.20.1 ಗೇಟ್‌ವೇ ಕೊಡಿ. ಎರಡೂ ಕಡೆ ಇದು ಬೇಕೇ ಬೇಕು, ಏಕೆಂದರೆ ಉತ್ತರವೂ ದಾರಿ ಹುಡುಕಿಕೊಂಡು ವಾಪಸ್ ಬರಬೇಕು.

ಈಗ ‘ಶೋ ಐಪಿ ರೂಟ್’ ನೋಡಿ. ಎರಡೂ ನೆಟ್‌ವರ್ಕ್‌ಗಳು ‘ಸಿ’ ಅಕ್ಷರದೊಂದಿಗೆ, ಅಂದರೆ ನೇರವಾಗಿ ಸೇರಿದವು ಎಂದು ಕಾಣಬೇಕು. ಒಂದು ಕಾಣದಿದ್ದರೆ ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ನಲ್ಲಿ ಆ ಎಸ್‌ವಿಐ ಡೌನ್ ಆಗಿದೆಯೇ ಪರೀಕ್ಷಿಸಿ. ವಿಲ್ಯಾನನ್ನೇ ಸೃಷ್ಟಿಸದೆ ಬಿಟ್ಟಿದ್ದರೆ, ಅಥವಾ ಅದರಲ್ಲಿ ಚಾಲೂ ಇರುವ ಒಂದು ಪೋರ್ಟೂ ಇಲ್ಲದಿದ್ದರೆ ಎಸ್‌ವಿಐ ಮೇಲೇಳುವುದಿಲ್ಲ.

ಪಿಂಗನ್ನೂ ಹತ್ತಿರದಿಂದ ದೂರಕ್ಕೆ ಮಾಡಿ. ಸ್ವಂತ ಗೇಟ್‌ವೇ ಉತ್ತರಿಸದಿದ್ದರೆ ಪೋರ್ಟ್‌ನ ವಿಲ್ಯಾನ್ ಮತ್ತು ಎಸ್‌ವಿಐ ನೋಡಿ. ಅದು ಉತ್ತರಿಸಿ ಆಚೆಯ ಕಂಪ್ಯೂಟರ್ ಉತ್ತರಿಸದಿದ್ದರೆ ‘ಐಪಿ ರೂಟಿಂಗ್’, ಎರಡೂ ಕಡೆಯ ಗೇಟ್‌ವೇ, ಆ ಕಂಪ್ಯೂಟರ್‌ನ ಫೈರ್‌ವಾಲ್ ನೋಡಿ.

ಎಲ್ಲ ಸರಿಹೋದ ಮೇಲೆ ಕಾನ್ಫಿಗರೇಷನ್ ಸೇವ್ ಮಾಡಲು ಮರೆಯಬೇಡಿ. ಇನ್ನೊಂದು ಮಾತು: ರೂಟಿಂಗ್ ಆನ್ ಆದ ಕ್ಷಣದಿಂದ ಲ್ಯಾಬ್‌ನ ಯಾವ ವಿದ್ಯಾರ್ಥಿಯಾದರೂ ಆಫೀಸಿನ ಯಾವ ಕಂಪ್ಯೂಟರನ್ನಾದರೂ ತಲುಪಬಹುದು. ಯಾರು ಎಲ್ಲಿಗೆ ಹೋಗಬಹುದೆಂದು ಮೊದಲು ಕಾಗದದ ಮೇಲೆ ಬರೆದುಕೊಂಡು, ಅದಕ್ಕೆ ತಕ್ಕಂತೆ ಎಸ್‌ವಿಐಗೆ ಆಕ್ಸೆಸ್ ಲಿಸ್ಟ್ ಹಾಕಿ. ಆಗಲೇ ಈ ಕೆಲಸ ಪೂರ್ತಿಯಾಯಿತು ಎನ್ನಿ.