ಮುಕ್ತಾಯಕ್ಕ: ಒಂದು ಅಪರೂಪದ ಹೆಸರಿನ ವಿಚಾರ

ಮಗುವಿಗೆ ತಾಯಿತಂದೆಗಳು ಕೊಡುವ ಮೊದಲ ಕಾಣಿಕೆ ಹೆಸರು. ಅದನ್ನು ಆರಿಸುವವರು ಹಿರಿಯರು. ಬಾಳಿನುದ್ದಕ್ಕೂ ಹೊರುವವರು ಮಕ್ಕಳು. ಹಾಜರಿ ಪುಸ್ತಕವನ್ನು ವರ್ಷಾನುವರ್ಷ ಓದುವ ಅಧ್ಯಾಪಕರಿಗೆ ಇದು ತಿಳಿಯದ ಸಂಗತಿಯಲ್ಲ. ಮಹಾದೇವಿ, ನೀಲಾಂಬಿಕೆ, ಗಂಗಾಂಬಿಕೆ ಎಂಬ ಶರಣೆಯರ ಹೆಸರುಗಳು ನಮ್ಮ ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಆದರೆ ಮುಕ್ತಾಯಕ್ಕ ಎಂಬ ಹೆಸರು ನನ್ನ ಇಡೀ ಅಧ್ಯಾಪನ ವೃತ್ತಿಯಲ್ಲಿ ಒಮ್ಮೆ ಮಾತ್ರ ಎದುರಾಯಿತು.

ಆ ಹೆಸರಿನ ಬಗೆಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ವರ್ಷಾಂತ್ಯದ ಆಮಂತ್ರಣ ಪತ್ರಿಕೆಯಲ್ಲಿ 'ಮುಕ್ತಾಯ ಸಮಾರಂಭ' ಎಂದು ಅಚ್ಚಾದಾಗಲೆಲ್ಲ ಸಹಪಾಠಿಗಳಿಗೆ ನಗೆ. ಹತ್ತು ವರ್ಷದ ಹುಡುಗಿಯನ್ನು ಹಿರಿಯರು 'ಅಕ್ಕ' ಎಂದು ಕೂಗುವುದು ಹೇಗೆಂದು ಒಬ್ಬ ಅಧ್ಯಾಪಕರ ಸಂದೇಹ. ಕೇಳಿದೊಡನೆ ಮುದುಕಿಯೊಬ್ಬಳು ಕಣ್ಣಮುಂದೆ ಬರುತ್ತಾಳೆಂದು ಇನ್ನೊಬ್ಬರ ಮಾತು. ಹೆಸರಿಟ್ಟ ಅಜ್ಜಿಗೆ ಮಾತ್ರ ಅದು ಮನೆತನದ ಹೆಮ್ಮೆ. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ಕಳುಹಿಸುವ ಕಾಲ ಬಂದಾಗ, ಹೆಸರನ್ನು ಬದಲಿಸಬೇಕೆಂದು ಬಾಲಕಿ ಹಟ ಹಿಡಿದಳು. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರು ಮುಂದೆ ಎಲ್ಲ ದಾಖಲೆಗಳಿಗೂ ಆಧಾರವಾಗುವುದರಿಂದ ಪ್ರಶ್ನೆ ಸಣ್ಣದಾಗಿರಲಿಲ್ಲ.

ಮೊದಲಿಗೆ ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ 'ಮುಕ್ತಾ' ಎಂದರೆ ಮುತ್ತು. 'ಮುಕ್ತ' ಎಂದರೆ ಬಿಡುಗಡೆ ಹೊಂದಿದ. ನಾವು ಕೊನೆ ಎಂಬರ್ಥದಲ್ಲಿ ಬಳಸುವ 'ಮುಕ್ತಾಯ'ವೂ ಈ ಬಿಡುಗಡೆಯ ಬೇರಿನಿಂದಲೇ ಬಂದುದು. 'ಅಕ್ಕ' ಎಂಬುದು ವಯಸ್ಸಿನ ಸೂಚನೆಯಲ್ಲ, ಗೌರವದ ಸೂಚನೆ. ಸತ್ಯಕ್ಕ, ಅಕ್ಕಮಹಾದೇವಿ ಎಂಬ ಹೆಸರುಗಳಲ್ಲಿಯೂ ಇದನ್ನು ಕಾಣುತ್ತೇವೆ.

ಇನ್ನು ಹೆಸರನ್ನು ಹೊತ್ತ ವ್ಯಕ್ತಿ. ಮುಕ್ತಾಯಕ್ಕ ೧೨ನೆಯ ಶತಮಾನದ ವಚನಕಾರ್ತಿ. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯವಳೆಂದು ಪರಂಪರೆ ಹೇಳುತ್ತದೆ. ಅವಳ ಅಣ್ಣ ಅಜಗಣ್ಣ ಗುಪ್ತಭಕ್ತ. ಒಳಗಿನ ನಿಷ್ಠೆಯನ್ನು ಹೊರಗೆ ತೋರದವನು. ತಂಗಿಗೆ ಅವನೇ ಗುರು. ಅವನು ಅಗಲಿದಾಗ ಶೋಕಿಸುತ್ತಿದ್ದ ಅವಳನ್ನು ಅಲ್ಲಮಪ್ರಭುಗಳು ಕಂಡು ಮಾತನಾಡಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಅವಳು ಸುಲಭದ ಸಮಾಧಾನಕ್ಕೆ ಒಪ್ಪುವವಳಲ್ಲ. ನಿಜವನ್ನು ಅರಿತವನಿಗೆ ಮತ್ತೆ ಮಾತಿನ ಹಂಗೇಕೆ ಎಂದು ಪ್ರಭುಗಳನ್ನೇ ಪ್ರಶ್ನಿಸುತ್ತಾಳೆ. ಅರಿವು ನೆಲೆಗೊಂಡವನಿಗೆ ಮಾತು ಬಂಧನವಲ್ಲವೆಂಬುದು ಪ್ರಭುಗಳ ನಿಲುವು. ಉತ್ತರಕ್ಕೆ ಮರುಪ್ರಶ್ನೆ ಹುಟ್ಟುತ್ತ, ಮನಸ್ಸು ಒಪ್ಪುವವರೆಗೆ ಸಂವಾದ ಸಾಗುತ್ತದೆ. ತನ್ನ ವಚನಗಳ ಅಂಕಿತದಲ್ಲಿ ಅವಳು ಅಜಗಣ್ಣನ ಹೆಸರನ್ನೇ ಇರಿಸಿದಳು. ತನ್ನನ್ನು ಮರೆಸಿಕೊಂಡು ಬಾಳಿದವನ ಹೆಸರು ತಂಗಿಯ ಮಾತಿನಲ್ಲಿ ಉಳಿಯಿತು.

ನೆರೆಯ ಮಹಾರಾಷ್ಟ್ರದಲ್ಲಿಯೂ ಇದೇ ಹೆಸರಿನ ಇನ್ನೊಬ್ಬ ತಂಗಿಯಿದ್ದಾಳೆ. ೧೩ನೆಯ ಶತಮಾನದ ಸಂತ ಜ್ಞಾನೇಶ್ವರರ ಸೋದರಿ ಮುಕ್ತಾಬಾಯಿ. ನೊಂದ ಅಣ್ಣ ಕದವಿಕ್ಕಿಕೊಂಡು ಕುಳಿತಾಗ, ಹೊರಗೆ ನಿಂತು ತಿಳಿಹೇಳಿ ತಟ್ಟಿಯನ್ನು ತೆರೆಯುವಂತೆ ಬೇಡಿದ ಅವಳ ಅಭಂಗಗಳು ಮರಾಠಿಯಲ್ಲಿ ಪ್ರಸಿದ್ಧವಾಗಿವೆ. ಎರಡು ನಾಡುಗಳಲ್ಲಿ, ಎರಡು ಪಂಥಗಳಲ್ಲಿ, ಮುಚ್ಚಿದ್ದನ್ನು ತೆರೆಯಿಸಲು ಮಾತನ್ನು ನೆಚ್ಚಿದವರು ಈ ಹೆಸರಿನವರು. ಕೊನೆಯೆಂದು ಧ್ವನಿಸುವ ಹೆಸರು, ಮಾತನ್ನು ಕೊನೆಗಾಣಿಸಲು ಒಪ್ಪದವರ ಪಾಲಿಗೆ ಬಂದುದು ಗಮನಾರ್ಹ.

ಇಷ್ಟನ್ನು ಆ ಬಾಲಕಿಗೆ ತಿಳಿಸಲಾಯಿತು. ಅವಳು ಕೆಲವು ದಿನ ಯೋಚಿಸಿ, 'ಮುಕ್ತಾ' ಎಂದು ಬರೆಯಿಸಲು ನಿಶ್ಚಯಿಸಿದಳು. ಮನೆಯಲ್ಲಿ ಪೂರ್ಣ ಹೆಸರೇ ಇರಲೆಂದಳು. ಇದರಲ್ಲಿ ವಿಷಾದಕ್ಕೆ ಎಡೆಯಿಲ್ಲ. ಹೆಸರು ಅವಳದು, ನಿರ್ಣಯವೂ ಅವಳದೇ. ಆದರೆ ಇತರರ ನಗೆಗೆ ಅಂಜಿ ಬಿಡುವುದು ಬೇರೆ, ಅರಿತು ಆರಿಸುವುದು ಬೇರೆ.

ಶಾಲೆ ಮಾಡಬೇಕಾದುದು ಇಷ್ಟೇ. ಅಪರೂಪದ ಹೆಸರಿನ ಮಗು ಬಂದಾಗ, ಮೊದಲ ದಿನವೇ ಅದರ ಅರ್ಥವನ್ನೂ ಕಥೆಯನ್ನೂ ತರಗತಿಗೆ ಹೇಳಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ತೊಟ್ಟಿಲಿಗೆ ಇಂಥ ಹೆಸರನ್ನು ಆರಿಸುವುದಾದರೆ, ಅದರ ಹಿಂದಿನ ಚರಿತ್ರೆಯನ್ನೂ ಮಗುವಿಗೆ ಒಪ್ಪಿಸುವ ಹೊಣೆ ಅವರದು. ಕಥೆಯಿಲ್ಲದೆ ಕೊಟ್ಟ ಹೆಸರು ಹೊರೆ; ಕಥೆಯೊಡನೆ ಕೊಟ್ಟರೆ ಅದೇ ಆಸ್ತಿ.