ಚಕ್ರ ಕೂರುವ ಜಾಗ

ಮಾಣಿ,

ಟಿಟ್ವಾಳಾದ ಮಹಾಗಣಪತಿಯ ಎದುರು ನಿನ್ನ ಬಿಎಂಡಬ್ಲ್ಯು ಝಡ್4ಗೆ ಪೂಜೆಯಾಗಿ, ಚಕ್ರದಡಿಯ ನಿಂಬೆಹಣ್ಣು ಒಡೆದಾಗ ನಿನ್ನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೆಕೆಂಡ್‌ಹ್ಯಾಂಡ್ ಆದರೇನು, ನಿನ್ನ ದುಡಿಮೆಯ ಗಾಡಿ. ಅಷ್ಟರಲ್ಲಿ ನೀನು ಹತ್ತಿರ ಬಂದು, "ಮಾವ, ಚಕ್ರ ಒಳಗೆ ಹೋದ ಹಾಗೆ ಕಾಣ್ತದೆ. 15 ಎಂಎಂ ಸ್ಪೇಸರ್ ನೋಡಿಟ್ಟಿದ್ದೇನೆ, ಹಾಕಿಕೊಡ್ತೀರಾ?" ಎಂದೆ. ದೇವರ ಎದುರು ಬೇಡವೆನ್ನಲು ಮನಸ್ಸಾಗಲಿಲ್ಲ, ಹೂಂ ಎನ್ನಲೂ ಆಗಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಆಸೆ ತಪ್ಪಲ್ಲ. ಮಡ್‌ಗಾರ್ಡಿನ ಅಂಚಿಗೆ ಸರಿಯಾಗಿ ಚಕ್ರ ನಿಂತರೆ ಗಾಡಿಗೊಂದು ಗತ್ತು ಬರುತ್ತದೆ, ಅದು ನನ್ನ ಕಣ್ಣಿಗೂ ಚೆಂದವೇ. ಆದರೆ 15 ಎಂಬ ಲೆಕ್ಕ ನಿನಗೆ ಎಲ್ಲಿಂದ ಬಂತು? ಯಾರದೋ ಗಾಡಿಯ ಫೋಟೊದಿಂದ. ನಿನ್ನ ಗಾಡಿಯನ್ನು ಅಳೆದು ಬಂದದ್ದಲ್ಲ. ನಾನು ಹೇಳಬೇಕಾದದ್ದು ಅಷ್ಟೇ: ಮೊದಲು ಅಳೆ, ಆಮೇಲೆ ಕೊಳ್ಳು.

ಮೊದಲು ಆಫ್‌ಸೆಟ್ ಅರ್ಥ ಮಾಡಿಕೋ. ಚಕ್ರವನ್ನು ಅಗಲದಲ್ಲಿ ಸರಿಯಾಗಿ ಎರಡು ಭಾಗ ಮಾಡುವ ಒಂದು ಗೆರೆ ಎಳೆದೆ ಅಂದುಕೋ. ಬೋಲ್ಟುಗಳಿಂದ ಚಕ್ರವನ್ನು ಹಿಡಿದು ತಿರುಗುವ ಭಾಗ ಹಬ್. ಅದಕ್ಕೆ ಅಂಟಿ ಕೂರುವ ಚಕ್ರದ ಮೈ ಆ ಗೆರೆಯಿಂದ ಎಷ್ಟು ಎಂಎಂ ದೂರದಲ್ಲಿದೆಯೋ ಅದೇ ಆಫ್‌ಸೆಟ್. ಆ ಮೈ ಗೆರೆಗಿಂತ ರಸ್ತೆಯ ಕಡೆಗಿದ್ದರೆ ಪಾಸಿಟಿವ್, ಗೆರೆಯ ಮೇಲೇ ಇದ್ದರೆ ಸೊನ್ನೆ, ಗಾಡಿಯ ಒಳಗಡೆಗಿದ್ದರೆ ನೆಗೆಟಿವ್. ಈಗಿನ ಬಹುಪಾಲು ಕಾರುಗಳದ್ದು ಪಾಸಿಟಿವ್. ಅಲಾಯ್‌ನ ಹಿಂಬದಿಯಲ್ಲಿ 'ಇಟಿ' ಎಂದು ಕೊರೆದು ಮುಂದೆ ಒಂದು ಅಂಕಿ ಇರುತ್ತದೆ. ಐನ್‌ಪ್ರೆಸ್‌ಟೀಫ ಎಂಬ ಜರ್ಮನ್ ಪದವನ್ನು ಚಿಕ್ಕದು ಮಾಡಿದ್ದು ಅದು.

ಲೆಕ್ಕ ಸುಲಭ. ಚಕ್ರ ಇಟಿ 40 ಇದ್ದು, ಹಬ್‌ಗೂ ಚಕ್ರಕ್ಕೂ ನಡುವೆ 15 ಎಂಎಂ ಸ್ಪೇಸರ್ ಪ್ಲೇಟ್ ಹಾಕಿದರೆ ಅದು ಇಟಿ 25 ಇದ್ದ ಹಾಗೆ ನಿಲ್ಲುತ್ತದೆ. ಎರಡೂ ಬದಿ ಸೇರಿ ಗಾಡಿಯ ನಿಲುವು 30 ಎಂಎಂ ಅಗಲವಾಯಿತು. ಸ್ಪೇಸರ್ ಚಕ್ರವನ್ನು ಹೊರಗೆ ತಳ್ಳಬಲ್ಲದು, ಒಳಗೆ ಎಳೆಯಲಾರದು. ಅಗಲದ ಚಕ್ರ ಹಾಕುವಾಗ ಇನ್ನೊಂದು ಲೆಕ್ಕ ಸೇರುತ್ತದೆ. ಇಟಿ ಅಷ್ಟೇ ಇಟ್ಟು 8 ಇಂಚಿನ ಬದಲು 9 ಇಂಚಿನದು ಹಾಕಿದರೆ ಒಳಗೂ ಹೊರಗೂ 12.7 ಎಂಎಂ ಬೆಳೆಯುತ್ತದೆ. ಜೊತೆಗೆ ಇಟಿ 40ರಿಂದ 30ಕ್ಕೆ ಇಳಿದರೆ ಹೊರಗೆ 22.7, ಒಳಗೆ ಬರೀ 2.7. ಇಷ್ಟು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಅವರು ಕೊಟ್ಟದ್ದನ್ನೇ ತರುತ್ತೀಯ.

ಕಂಪನಿಯವರು ಆ ಅಂಕಿಯನ್ನು ಚೆಂದಕ್ಕೆ ಇಟ್ಟದ್ದಲ್ಲ. ಸ್ಟೀರಿಂಗ್ ತಿರುಗುವ ಅಕ್ಷ ನೆಲವನ್ನು ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಎಷ್ಟು ಅಂತರ ಇರಬೇಕೆಂದು ಲೆಕ್ಕ ಹಾಕಿರುತ್ತಾರೆ. ಮುಂದಿನ ಚಕ್ರ ಹೊರಗೆ ಹೋದಷ್ಟೂ ಆ ಅಂತರ ಬದಲಾಗುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈಯಲ್ಲಿ ಒದೆಯುತ್ತದೆ, ರಸ್ತೆಯ ತಗ್ಗು ಹಿಡಿದು ಗಾಡಿ ಅತ್ತಿತ್ತ ಎಳೆಯುತ್ತದೆ. ಬೇರಿಂಗ್ ಮೇಲಿನ ಒತ್ತಡವೂ ಹೆಚ್ಚುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಮೈಲಿ ನಡೆಯಬಹುದು, ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆಗೆ ಭುಜ ಸೋಲುತ್ತದೆ. ಕೊಡ ಅದೇ, ಭಾರ ಅದೇ. ಮಳೆಗಾಲದಲ್ಲಿ ಶಹಾಡ್, ಆಂಬಿವಲಿ ಕಡೆಯ ರಸ್ತೆ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ.

ಇನ್ನು ಹಬ್. ಎರಡು ಮಳೆಗಾಲದ ಹಿಂದೆ ನಿನ್ನದೇ ಮಾದರಿಯ ಗಾಡಿಯೊಂದು ನನ್ನ ಗ್ಯಾರೇಜಿಗೆ ಅಲೈನ್‌ಮೆಂಟಿಗೆಂದು ಬಂತು. 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ ಎಂದ ಹುಡುಗ. ಬೇರೆ ಕಡೆ ಎರಡು ಸಲ ಬ್ಯಾಲೆನ್ಸಿಂಗ್ ಆಗಿತ್ತು. ನನ್ನ ಮಷೀನಿಗೆ ಏರಿಸಿದೆ, ಸೊನ್ನೆ ತೋರಿಸಿತು. ಚಕ್ರದಲ್ಲಿ ದೋಷವಿಲ್ಲ, ನಡುಕ ಮಾತ್ರ ನಿಂತಿಲ್ಲ. ಕೊನೆಗೆ ಚಕ್ರದ ಹಿಂದೆ ಹಾಕಿಸಿದ್ದ ಸ್ಪೇಸರ್ ಪ್ಲೇಟ್ ಬಿಚ್ಚಿ, ಮತ್ತೆ ಹಬ್ ಮೇಲಿಟ್ಟು ಬೆರಳಲ್ಲಿ ತಳ್ಳಿದೆ. ಟಕ್ ಎಂದು ಸರಿಯಿತು. ವರ್ನಿಯರ್ ಇಟ್ಟೆ. ಹಬ್ 72.6 ಎಂಎಂ, ಪ್ಲೇಟಿನ ತೂತು 74.1. ಬಿಎಂಡಬ್ಲ್ಯುವಿನ ಹಳೆಯ ಇ39 ಫೈವ್ ಸೀರೀಸಿನ ಅಳತೆ ಅದು. ಎರಡಕ್ಕೂ ಐದು ಬೋಲ್ಟ್, 120 ಎಂಎಂ ವೃತ್ತ. ಬೋಲ್ಟಿನ ತೂತುಗಳು ಕೂಡಿಬಂದವು, ನಡುವಿನ ತೂತನ್ನು ಯಾರೂ ನೋಡಲಿಲ್ಲ. ಮಷೀನಿನಲ್ಲಿ ಚಕ್ರ ಶಂಕುವಿನ ಮೇಲೆ ನಡುವಿಗೇ ಕೂರುತ್ತದೆ, ಗಾಡಿಯಲ್ಲಿ ಕೂರಲಿಲ್ಲ. ದಿನವೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ಹುಡುಗ ಅವನು. ಆ ಟಕ್ ಎಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ಪ್ಲೇಟಿನ ಒಳತೂತು ನಿನ್ನ ಹಬ್‌ಗೆ ಬಿಗಿಯಾಗಿ ಕೂರಬೇಕು. ಹೊರಮೈಯ ಎದ್ದ ಅಂಚು ಚಕ್ರದ ನಡುತೂತಿಗೆ ಅಷ್ಟೇ ಬಿಗಿಯಾಗಿ ಹೊಂದಬೇಕು. 3, 5 ಎಂಎಂ ತೆಳು ಪ್ಲೇಟಿಗೆ ಸಾಮಾನ್ಯವಾಗಿ ಅಂಥ ಅಂಚು ಇರುವುದಿಲ್ಲ. ಅದನ್ನು ಹಾಕಿದ ಮೇಲೂ ಹಬ್‌ನ ಅಂಚು ಹೊರಗೆ ಚಾಚಿ ಚಕ್ರವನ್ನು ಹಿಡಿಯುತ್ತದೆಯೇ ಎಂದು ನೋಡು. ಎರಡು ಪ್ಲೇಟ್ ಒಂದರ ಮೇಲೊಂದು ಪೇರಿಸುವವರಿದ್ದಾರೆ. ನೀನು ಮಾತ್ರ ಆ ಕೆಲಸ ಮಾಡಬೇಡ.

ಬೋಲ್ಟು ಜೀವ ಹಿಡಿಯುವ ವಸ್ತು. 10 ಎಂಎಂ ಪ್ಲೇಟಿಗೆ 10 ಎಂಎಂ ಉದ್ದ ಹೆಚ್ಚಿರುವ ಬೋಲ್ಟು ಬೇಕು. ನಿನ್ನದು 12 ಎಂಎಂ ದಪ್ಪ, 1.5ರ ಥ್ರೆಡ್. ದಪ್ಪ ಎಷ್ಟೋ ಅಷ್ಟಾದರೂ ಒಳಗೆ ಹಿಡಿಯಬೇಕು, ಅಂದರೆ ಕೈಯಲ್ಲಿ ತಿರುಗಿಸಿದರೆ ಕನಿಷ್ಠ 8 ಸುತ್ತು. ತಲೆಯಡಿ ನಿನ್ನ ಚಕ್ರಕ್ಕೆ ಶಂಕುವಿನಾಕಾರ. ಫೋಕ್ಸ್‌ವ್ಯಾಗನ್, ಪೋರ್ಷೆಯ ಗುಂಡುತಲೆಯ ಬೋಲ್ಟು ಅಲ್ಲಿ ಕೂರುವುದಿಲ್ಲ. ಬಿಗಿಯುವುದು ಟಾರ್ಕ್ ರೆಂಚ್‌ನಲ್ಲಿ, 120 ನ್ಯೂಟನ್ ಮೀಟರ್. 50, 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು. ಕಂಪನಿಯ ಮೂಲ ಬೋಲ್ಟುಗಳನ್ನು ಡಿಕ್ಕಿಯಲ್ಲೇ ಇಡು. ಯಾವತ್ತೋ ಪ್ಲೇಟ್ ತೆಗೆದು ಉದ್ದದ ಬೋಲ್ಟನ್ನೇ ಹಾಕಿದರೆ ಅದು ಹಬ್ ದಾಟಿ ಹಿಂದಿನ ಬ್ರೇಕಿನ ಭಾಗಕ್ಕೆ ತಾಗಬಹುದು.

ಮಳೆನಾಡಿನವರು ನಾವು, ತುಕ್ಕಿನ ಗುಣ ಬಲ್ಲೆವು. ಉಕ್ಕಿನ ಹಬ್ ಮೇಲೆ ಅಲ್ಯೂಮಿನಿಯಂ ಪ್ಲೇಟ್ ಕೂತು ಒಂದು ಮಳೆಗಾಲ ಕಳೆದರೆ ಎರಡೂ ಕಚ್ಚಿಕೊಳ್ಳುತ್ತವೆ. ಹಾಕುವ ಮೊದಲು ತಂತಿ ಬ್ರಷ್‌ನಿಂದ ಹಬ್ ಉಜ್ಜಬೇಕು. ಒಂದು ಚೂರು ತುಕ್ಕು ನಡುವೆ ಉಳಿದರೂ ಚಕ್ರ ವಾಲುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡು.

ಕಾನೂನನ್ನೂ ಮರೆಯಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಆರ್‌ಟಿಒದಲ್ಲಿ ಕೇಳು, ವಿಮೆಯವರಿಗೂ ಮೊದಲೇ ಬರೆದು ತಿಳಿಸು. ಅಪಘಾತವಾದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಭಾನುವಾರ ಬೆಳಿಗ್ಗೆ ಗಾಡಿ ತೆಗೆದುಕೊಂಡು ಬಾ. ಮಡ್‌ಗಾರ್ಡಿನ ಅಂಚಿನಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಡೋಣ. ದಾರಕ್ಕೂ ಟೈರಿನ ಹೊರಮೈಗೂ ಎಷ್ಟು ಜಾಗ ಎಂದು ನೀನೇ ಅಳೆ. ನಿನ್ನ ಅಮ್ಮ ಪಕ್ಕದಲ್ಲಿ ಕೂರಲಿ, ಡಿಕ್ಕಿಯಲ್ಲಿ ಭಾರ ಇರಲಿ, ಆಗ ಇನ್ನೊಮ್ಮೆ ಅಳೆ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಾದರೂ ತಾಗುತ್ತದೆಯೇ ನೋಡೋಣ. ಆಮೇಲೆ ಚಕ್ರ ಬಿಚ್ಚಿ ನಿನ್ನ ಕೈಗೇ ವರ್ನಿಯರ್ ಕೊಡುತ್ತೇನೆ.

ದಾರ 10 ಎಂದರೆ 10, 5 ಎಂದರೆ 5. ಏನೂ ಬೇಡ ಎಂದರೆ ಹಾಗೇ ಬಿಡೋಣ. 2025ರ ಜೂನ್‌ನಲ್ಲಿ ಆಮಣೆಯವರೆಗೂ ತೆರೆದ ಸಮೃದ್ಧಿ ಹೆದ್ದಾರಿ ನಮ್ಮ ಹತ್ತಿರವೇ ಇದೆ, ನೀನು ಅಲ್ಲಿಗೆ ಹೋಗದೆ ಇರುವವನಲ್ಲ. 120ರಲ್ಲಿ ಓಡುವಾಗ ನಿನ್ನನ್ನೂ ಪಕ್ಕದಲ್ಲಿ ಕೂತವರನ್ನೂ ಹೊರುವುದು ಒಂದೊಂದು ಚಕ್ರದ ಹಿಂದೆ ಹಬ್‌ಗೆ ಅಂಟುವ ಅಂಗೈಯಗಲದ ಆ ಮೈ. ಚಕ್ರ ಹಾಕಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಹಾಕುವ ಮೊದಲು ನೀನೊಬ್ಬ ಅದನ್ನು ಕಣ್ಣಾರೆ ನೋಡಿರಬೇಕು.

ನಿನ್ನ ಮಾವ